ಕೆ.ಆರ್. ಮಾರ್ಕೆಟ್ ಬಗ್ಗೆ ನಾನು ಬರೆದದ್ದು ಹೀಗೆ

ಬೆಂಗಳೂರಿನ ಬಗ್ಗೆ ಬರೆಯುವವರಿಗೆ ಕೆಂಪೇಗೌಡರಿಂದ ಶುರು ಮಾಡುವ ಚಪಲ ಜಾಸ್ತಿ. 1537, ಮಣ್ಣಿನ ಕೋಟೆ, ಪೇಟೆಗಳು, ಆಮೇಲೆ ಹೈದರಾಲಿ. ಲೇಖಕ ಮಾರ್ಕೆಟ್ ಒಳಗೆ ಕಾಲಿಡುವ ಹೊತ್ತಿಗೆ ಓದುಗ ಎದ್ದು ಹೋಗಿರುತ್ತಾನೆ. ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡೆ. ಇತಿಹಾಸ ಎಲ್ಲಿ ಕಣ್ಣಿಗೆ ಬೀಳುತ್ತದೋ ಅಲ್ಲೇ ಬರೆಯಬೇಕು, ಅದಕ್ಕೆ ಮೊದಲು ಬೇಡ.

ಇಡೀ ಮಾರ್ಕೆಟ್ ಬರೆಯುವ ಆಸೆಯನ್ನೂ ಬಿಟ್ಟೆ. ತರಕಾರಿ, ತಾಮ್ರದ ಪಾತ್ರೆ, ಹಗ್ಗ, ಕುಂಕುಮ ಎಲ್ಲ ಸೇರಿಸಿದರೆ ಅದು ಸಾಮಾನಿನ ಪಟ್ಟಿ ಆಗುತ್ತದೆ, ಅಲ್ವಾ? ಹೂವಿನ ಸಾಲು ಒಂದನ್ನೇ ಹಿಡಿದೆ. ನಸುಕಿನಲ್ಲೂ ಹೋದೆ, ಮಧ್ಯಾಹ್ನವೂ ಹೋದೆ. ನಸುಕಿನಲ್ಲಿ ಹೊಸೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹೂವಿನ ಮೂಟೆಗಳು ಇಳಿಯುತ್ತಿರುತ್ತವೆ. ಹೊತ್ತವರ ತಲೆ ಕಾಣುವುದಿಲ್ಲ, ‘ಸೈಡ್, ಸೈಡ್’ ಅನ್ನುವ ಕೂಗಷ್ಟೇ ಕೇಳುತ್ತದೆ. ಮಧ್ಯಾಹ್ನ ಅದೇ ಜಾಗದಲ್ಲಿ ಬಾಡಿದ ಸೇವಂತಿಗೆ ಕಾಲಿಗೆ ಅಂಟುತ್ತದೆ, ವಾಸನೆಯೂ ಬೇರೆ. ‘ಘಮಘಮಿಸುವ ಮಾರುಕಟ್ಟೆ’ ಅಂತ ಬರೆಯುವವರು ಬಹುಶಃ ಮಧ್ಯಾಹ್ನ ಹೋಗಿರುವುದಿಲ್ಲ.

ಜನರ ಹತ್ತಿರ ಮಾತಾಡುವಾಗ ನೋಟ್‌ಬುಕ್ ತೆಗೆಯುವುದಿಲ್ಲ. ತೆಗೆದರೆ ನಾವು ಕಾರ್ಪೊರೇಷನ್‌ನವರು ಅಂದುಕೊಳ್ಳುತ್ತಾರೆ. ಮೊದಲು ಏನಾದರೂ ಕೊಳ್ಳುತ್ತೇನೆ, ಆಮೇಲೆ ಅವರ ಕೆಲಸದ ಬಗ್ಗೆ ಕೇಳುತ್ತೇನೆ. ‘ಜೀವನ ಹೇಗಿದೆ’ ಅಂದರೆ ‘ಏನೋ ನಡೀತಿದೆ’ ಅಂತಷ್ಟೇ ಉತ್ತರ ಬರುತ್ತದೆ. ಕೆಲಸದ ಬಗ್ಗೆ ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಕನಕಾಂಬರ ಕಟ್ಟುತ್ತಿದ್ದ ಒಬ್ಬ ಹೆಂಗಸನ್ನು ಸುಮ್ನೆ ಕೇಳಿದೆ, ‘ಅಕ್ಕ, ಮೊಳ ಅಂದರೆ ನಿಮ್ಮ ಕೈಯದಾ, ನನ್ನ ಕೈಯದಾ?’

‘ನಂದೇ ಕಣಣ್ಣ. ನಿಮ್ಮ ಕೈಯಲ್ಲಿ ಅಳೆದು ಕೊಟ್ಟರೆ ನಾನು ಉದ್ಧಾರ ಆದಂಗೇ.’

ಪಕ್ಕದವಳು ನಕ್ಕು ತಮಿಳಲ್ಲಿ ಏನೋ ಸೇರಿಸಿದಳು. ಇವಳು ತೆಲುಗಲ್ಲಿ ಬೈದಳು. ‘ಬೆಂಗಳೂರು ಹಲವು ಭಾಷೆಗಳ ಊರು’ ಅನ್ನುವ ವಾಕ್ಯ ನನ್ನ ಕರಡಿನಲ್ಲಿ ಮೊದಲೇ ಇತ್ತು. ಅದನ್ನು ಹೊಡೆದು ಹಾಕಿ ಈ ಮಾತುಕತೆ ಇಟ್ಟೆ. ಹೊರಗೆ ಬಂದ ಕೂಡಲೇ ಗೋಡೆಗೆ ಒರಗಿ ಎಲ್ಲವನ್ನೂ ಫೋನಿನಲ್ಲಿ ಟೈಪ್ ಮಾಡಿಕೊಂಡೆ. ಮನೆಗೆ ಹೋಗಿ ಬರೆಯೋಣ ಅಂದರೆ ಅವರ ಮಾತು ಹೋಗಿ ನಮ್ಮ ಮಾತು ಬಂದುಬಿಡುತ್ತದೆ.

ಇನ್ನು ಇತಿಹಾಸ. ಮಾರ್ಕೆಟ್‌ನಿಂದ ನಾಲ್ಕು ಹೆಜ್ಜೆ ನಡೆದರೆ ಕೋಟೆಯ ದೆಹಲಿ ಬಾಗಿಲು. ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ಅದರ ಒಂದು ಚೂರು. ಹೊರಗೋಡೆಯಲ್ಲೊಂದು ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಒಳಗೆ ನುಗ್ಗಿದ್ದು ಇಲ್ಲೇ ಒಡೆದ ಗೋಡೆಯಿಂದ ಅನ್ನುತ್ತದೆ ಅದು. ಅದನ್ನು ಓದುವಾಗ ನನ್ನ ಕೈಯಲ್ಲಿ ಹೂವಿನ ಕವರ್ ಇತ್ತು, ಹಿಂದೆ ಬಸ್ಸುಗಳ ಹಾರ್ನ್. ಲೇಖನದಲ್ಲೂ ಆ ತಾರೀಕು ಅದೇ ಜಾಗದಲ್ಲಿ ಬಂತು, ಕವರ್ ಮತ್ತು ಹಾರ್ನ್ ಸಮೇತ. ಆ ದಾಳಿ ನಡೆಸಿದ ಬ್ರಿಟಿಷ್ ಸೇನೆಯ ಮುಖ್ಯಸ್ಥ ಕಾರ್ನ್‌ವಾಲಿಸ್‌ಗೆ ಎರಡು ಸಾಲು ಸಾಕಾಯಿತು.

ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ‘ಅದ್ಭುತ’, ‘ಮನಮೋಹಕ’ ಥರದ್ದೆಲ್ಲ ಆಗ ತಾನಾಗಿಯೇ ಉದುರುತ್ತದೆ.

ಕನಕಾಂಬರದ ಅಕ್ಕನಿಗೆ ಬರೆಯುತ್ತೇನೆ ಅಂತ ಮತ್ತೆ ಹೋಗಿ ಹೇಳಿದೆ. ಹೆಸರು ಬೇಡ ಅಂದಳು. ‘ರೇಟೂ ಹಾಕಬೇಡಿ. ಓದಿದವರು ಹಬ್ಬದ ದಿನ ಬಂದು ಅದೇ ರೇಟಿಗೆ ಕೊಡು ಅಂತಾರೆ.’ ವರಮಹಾಲಕ್ಷ್ಮಿ, ಆಯುಧಪೂಜೆ ಹೊತ್ತಿಗೆ ಹೂವಿನ ಬೆಲೆ ಎಲ್ಲಿಗೆ ಏರುತ್ತದೆ ಅಂತ ಗೊತ್ತಲ್ಲ. ಎರಡನ್ನೂ ತೆಗೆದು ಕಳಿಸಿದೆ.