ಹಾಡು ನಮ್ಮನ್ನು ಹೇಗೆ ಒಪ್ಪಿಸುತ್ತದೆ? ಸಾಲು ಬಿಡಿಸಿ ನೋಡುವ ಬಗೆ

ಒಂದು ಹಾಡನ್ನು ವಿಶ್ಲೇಷಣೆ ಮಾಡಿ ಅಂದರೆ ತುಂಬಾ ಜನ ಸಾಲುಗಳ ಅರ್ಥ ಬರೆಯಲು ಕೂರುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ಈ ಹಾಡು ಯಾರ ಜೊತೆ ಮಾತಾಡುತ್ತಿದೆ, ಅವರನ್ನು ಯಾವ ಮಾತಿಗೆ ಒಪ್ಪಿಸಲು ನೋಡುತ್ತಿದೆ ಅಂತ ಮೊದಲು ಕೇಳಿ. ಒಪ್ಪಿಸಲು ಮೂರು ದಾರಿ ಅಂತ ಅರಿಸ್ಟಾಟಲ್ ಹೇಳಿದ್ದಾನೆ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ. ಸಿನಿಮಾ ಹಾಡಿಗೂ ಇದು ಚೆನ್ನಾಗಿಯೇ ಹೊಂದುತ್ತದೆ.

ನಮಗೆಲ್ಲ ಬಾಯಿಗೆ ಬರುವ ಒಂದು ಹಾಡು ತಗೊಳ್ಳೋಣ. 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದ ‘ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು’. ರಾಗ ಬಿಟ್ಟು, ಮಾತಾಡುವ ಹಾಗೆ ಜೋರಾಗಿ ಓದಿ.

ಮೊದಲು ತರ್ಕ. ‘ಹುಟ್ಟಿದರೆ... ಹುಟ್ಟಬೇಕು’ ಅನ್ನುವುದು ಷರತ್ತು ಹಾಕಿ ತೀರ್ಮಾನ ಹೇಳುವ ಹಾಗಿದೆ. ಆದರೆ ಎಲ್ಲಿ ಹುಟ್ಟಬೇಕು ಅನ್ನುವುದು ಯಾರ ಕೈಯಲ್ಲೂ ಇಲ್ಲ, ಅಲ್ವಾ? ಪಾಲಿಸಲು ಆಗದ ಅಪ್ಪಣೆ ಇದು. ಹಾಗಾಗಿ ಇದು ಅಪ್ಪಣೆಯೇ ಅಲ್ಲ, ಇಲ್ಲಿ ಈಗಾಗಲೇ ಹುಟ್ಟಿರುವವರಿಗೆ ‘ನೀವು ಪುಣ್ಯವಂತರು’ ಅಂತ ಬೆನ್ನು ತಟ್ಟುವ ಮಾತು, ತರ್ಕದ ವೇಷದಲ್ಲಿ ಬಂದಿರುವ ಭಾವನೆ. ಮುಂದಿನ ಸಾಲಿನಲ್ಲಿ ‘ಮೆಟ್ಟಬೇಕು’ ಬರುತ್ತದೆ ನೋಡಿ, ಅದು ಬೇರೆ ಕಡೆ ಹುಟ್ಟಿದವರಿಗೂ ಸಾಧ್ಯ. ಹೊರಗಿನಿಂದ ಬಂದವರಿಗೆ ಹಾಡು ಅಲ್ಲಿ ಬಾಗಿಲು ತೆಗೆದಿದೆ. ಇಂಥ ಸಣ್ಣ ವ್ಯತ್ಯಾಸ ಹಿಡಿದರೆ ವಿಶ್ಲೇಷಣೆ ಅರ್ಧ ಮುಗಿದ ಹಾಗೆ.

ಇನ್ನೊಂದು ಪರೀಕ್ಷೆ: ಸಾಲನ್ನು ಬದಲಿಸಿ ಓದಿ. ‘ಕನ್ನಡ ನಾಡಿನಲ್ಲಿ ಹುಟ್ಟಿದರೆ ಒಳ್ಳೆಯದು.’ ಸಪ್ಪೆ! ಅರ್ಥ ಹೆಚ್ಚುಕಡಿಮೆ ಅದೇ, ಬಲ ಮಾತ್ರ ಹೋಯಿತು. ಹೋಗಿದ್ದು ಏನು ಅಂತ ಬರೆದುಕೊಳ್ಳಿ.

ಆಮೇಲೆ ಚರಣ. ಅಜಂತಾ ಎಲ್ಲೋರಾ ನೋಡು ಅಂತ ಹೇಳಿ, ಅದರ ಪಕ್ಕದಲ್ಲೇ ಬಾದಾಮಿ ಐಹೊಳೆಯ ಚಂದವನ್ನು ತೂಕ ಮಾಡು ಅನ್ನುತ್ತದೆ. ಹೋಲಿಸಿ ನೀನೇ ತೀರ್ಮಾನ ಮಾಡು ಅನ್ನುವುದು ತರ್ಕದ ದಾರಿ. ಆದರೆ ತಕ್ಕಡಿಯಲ್ಲಿ ಏನೇನು ಇಡಬೇಕು ಅಂತ ಆರಿಸಿದ್ದು ಹಾಡು, ನಾವಲ್ಲ. ಹಾಗಂತ ಬೇರೆ ಊರನ್ನು ಎಲ್ಲೂ ಕೀಳು ಮಾಡಿಲ್ಲ, ಕಾಶಿಯಲ್ಲಿ ಸ್ನಾನ ಮಾಡು, ಕಾಶ್ಮೀರ ಸುತ್ತು ಅಂತಲೇ ಹೇಳುತ್ತದೆ. ಅದರಿಂದ ಹೇಳುವವನು ಸಣ್ಣ ಮನಸ್ಸಿನವನಲ್ಲ ಅನ್ನಿಸಿ ನಂಬಿಕೆ ಬರುತ್ತದೆ. ನನಗೆ ಈ ಹಾಡಿನಲ್ಲಿ ತುಂಬಾ ಇಷ್ಟವಾಗುವ ಗುಣ ಇದು.

ನಂಬಿಕೆಯ ವಿಷಯಕ್ಕೆ ಬಂದರೆ ಸಾಹಿತ್ಯದ ಹಾಳೆ ಸಾಲದು. ಹಾಡಿದ್ದು ರಾಜ್‌ಕುಮಾರ್. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗೆ ಇಳಿದವರು. ಆ ದನಿಗೆ ಕನ್ನಡದ ಬಗ್ಗೆ ಮಾತಾಡುವ ಹಕ್ಕು ಹಾಡಿಗಿಂತ ಮೊದಲೇ ಇತ್ತು. ಜೊತೆಗೆ ಪಲ್ಲವಿಯ ಜಟಕಾ ಬಂಡಿ ಡಿವಿಜಿಯವರ ಕಗ್ಗದಿಂದ ಬಂದಿದೆ. ಹಿರಿಯರ ಮಾತಿನ ತೂಕ ಹಾಡಿಗೆ ಸಿಕ್ಕಿತು, ಮೇಲಾಗಿ ಬಂಡಿ ಓಡಿಸುವುದು ವಿಧಿ ಅಂದಮೇಲೆ ಹುಟ್ಟು ನಮ್ಮ ಕೈಯಲ್ಲಿಲ್ಲ ಅಂತ ಹಾಡೇ ಒಪ್ಪಿಕೊಂಡ ಹಾಗಾಯಿತು.

ಕಾಲವನ್ನೂ ಮರೆಯಬೇಡಿ. 2017ರ ‘ರಾಜಕುಮಾರ’ ಚಿತ್ರದ ‘ಬೊಂಬೆ ಹೇಳುತೈತೆ’ ಬಂದಾಗ ಅದು 1971ರ ‘ಕಸ್ತೂರಿ ನಿವಾಸ’ದ ಬೊಂಬೆಯನ್ನು ನೆನಪಿಸಿ, ಅಪ್ಪ ರಾಜ್‌ಕುಮಾರ್ ಮೇಲಿನ ಪ್ರೀತಿಯನ್ನು ಮಗ ಪುನೀತ್‌ಗೆ ದಾಟಿಸುವ ಸಂಭ್ರಮದ ಹಾಡು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಅದೇ ಪದಗಳು, ಅದೇ ರಾಗ, ಆದರೆ ಈಗ ಕೇಳಿದರೆ ಗಂಟಲು ಕಟ್ಟುತ್ತದೆ. ಆದ್ದರಿಂದ ನೀವು ಯಾವಾಗಿನ ಕೇಳುಗರ ಬಗ್ಗೆ ಬರೆಯುತ್ತಿದ್ದೀರಿ ಅಂತ ಸ್ಪಷ್ಟವಾಗಿ ಹೇಳಿ.

ಬರೆಯುವಾಗ ಒಂದೊಂದು ಸಾಲನ್ನೂ ಮೂರರಲ್ಲಿ ಒಂದು ಡಬ್ಬಕ್ಕೆ ಹಾಕಲು ಹೋಗಬೇಡಿ, ಒಳ್ಳೆಯ ಸಾಲು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ‘ಇಲ್ಲಿ ಭಾವನೆ ಇದೆ’ ಅಂದರೆ ಏನೂ ಹೇಳಿದ ಹಾಗಲ್ಲ. ಯಾರಿಗೆ, ಯಾವ ಭಾವನೆ, ಯಾವ ಪದದಿಂದ ಅಂತ ಬರೆಯಿರಿ. ಪ್ರೇಮಗೀತೆಯಾದರೆ ಜಾಸ್ತಿ ಎಚ್ಚರ ಬೇಕು. ಅಲ್ಲಿ ನಾಯಕ ಒಪ್ಪಿಸುತ್ತಿರುವುದು ನಾಯಕಿಯನ್ನು, ಹಾಡು ಒಪ್ಪಿಸುತ್ತಿರುವುದು ಥಿಯೇಟರಿನಲ್ಲಿ ಕೂತ ನಮ್ಮನ್ನು. ಇವೆರಡಕ್ಕೂ ಬೇರೆ ಬೇರೆ ಟಿಪ್ಪಣಿ ಮಾಡಿಕೊಳ್ಳಿ.