ಉದುರಿದ ಎಲೆ ಹಚ್ಚಿ ನಿಲ್ಲಿಸಿದ ಪರದೆ

ಹನ್ನೆರಡು ಅಡಿ ಅಗಲ, ಹೆಚ್ಚುಕಡಿಮೆ ಎಂಟು ಅಡಿ ಎತ್ತರದ ಎಲೆ ಪರದೆ. ತಂತಿಯಿಲ್ಲ, ನೈಲಾನ್ ದಾರವಿಲ್ಲ, ಫೆವಿಕಾಲ್ ಇಲ್ಲ. ಸೊರಬದ ಕಡೆ ಎರಡು ಮಾವಿನ ಮರಗಳ ನಡುವೆ, ಜನವರಿಯ ಮೂಡಗಾಳಿಗೆ ಎದೆಯೊಡ್ಡಿ ಹತ್ತು ಹನ್ನೆರಡು ದಿನ ನಿಂತಿತು. "ಎರಡು ದಿನಕ್ಕೆ ಉದುರಿ ದರಕಾಗಿ ಹೋಗ್ತದೆ ಮಾರಾಯ" ಅಂದವರೇ ಆಮೇಲೆ ಬಂದು ಹಿಂದೆ ಮುಂದೆ ಸುತ್ತಿ, ಎಲ್ಲೋ ತಂತಿ, ನೈಲಾನ್ ದಾರ ಅಡಗಿಸಿದ್ದೇನೆ ಅಂತ ಹುಡುಕಿದರು. ಸಿಗಲಿಲ್ಲ.

ಬಯಲಲ್ಲಿ ಎಲೆ ಕೆಲಸ ಮಾಡುವವರೆಲ್ಲ ಮೊದಲು ಕೈ ಹಾಕುವುದು ಹಸಿ ಎಲೆಗೆ. ಬಣ್ಣ ಚೆನ್ನ, ಹೇಳಿದ ಹಾಗೆ ಬಾಗುತ್ತದೆ, ಎಲೆ ಸೇರಿಸಲು ಚುಚ್ಚುವ ಕಡ್ಡಿ ಸಲೀಸಾಗಿ ಇಳಿಯುತ್ತದೆ. ಫೋಟೋ ತೆಗೆದು ಮನೆಗೆ ಹೋಗುವುದಾದರೆ ಅದೇ ಸಾಕು. ಜನ ಬಂದು ನೋಡಬೇಕು ಅಂದರೆ ಹಸಿ ಎಲೆ ನಂಬಿಕೆಗೆ ಅರ್ಹವಲ್ಲ. ಮಧ್ಯಾಹ್ನದ ಹೊತ್ತಿಗೆ ಸೊರಗುತ್ತದೆ, ಅಂಚು ಸುರುಳಿ ಸುತ್ತುತ್ತದೆ, ಎಲೆ ಕುಗ್ಗಿದ ಹಾಗೆ ಕಡ್ಡಿ ಚುಚ್ಚಿದ ತೂತು ಸಡಿಲವಾಗುತ್ತದೆ. ಆಮೇಲೆ ಒಂದೇ ಒಂದು ಗಾಳಿ ಸಾಕು, ಸಾಲಿಗೆ ಸಾಲೇ ನೆಲ ಕಚ್ಚುತ್ತದೆ.

ಹಿಂದೊಮ್ಮೆ ನನ್ನ ಹಸಿ ಎಲೆಯ ಪರದೆಗೆ ಒಂದು ರೆಸಾರ್ಟ್‌ನವರು ಇಪ್ಪತ್ತೈದು ಸಾವಿರಕ್ಕೆ ಒಪ್ಪಿ ಐದು ಸಾವಿರ ಮುಂಗಡ ಕೊಟ್ಟಿದ್ದರು. ಬೆಳಿಗ್ಗೆ ನಿಲ್ಲಿಸಿದ್ದು ಅತಿಥಿಗಳು ಬರುವ ಹೊತ್ತಿಗೆ ಸುರುಟಿಕೊಂಡಿತ್ತು. ಉಳಿದ ದುಡ್ಡು ಕೊಡಲಿಲ್ಲ. ಅದೇ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಕಮಾನು ಕಟ್ಟಿಸಿದರು. ಗಾಡಿ ಬಾಡಿಗೆ, ಆಳಿನ ಕೂಲಿ ಸೇರಿ ಏಳೆಂಟು ಸಾವಿರ ನನ್ನ ಕೈಯಿಂದಲೇ ಹೋಯಿತು. ಇನ್ನೊಂದು ಸಲ ಹಲಸಿನ ಹಸಿ ಎಲೆಯ ಪರದೆಯನ್ನು ರಾತ್ರಿ ಆಡುಗಳು ಬಾಯಿ ಎಟುಕುವವರೆಗೆ ತಿಂದು ಮುಗಿಸಿದವು. ಹಲಸಿನ ಸೊಪ್ಪು ಆಡಿಗೆ ಹಬ್ಬದೂಟ.

ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುವ ಕಲಾವಿದ ಆಂಡಿ ಗೋಲ್ಡ್ಸ್‌ವರ್ದಿ ಮುಳ್ಳು ಚುಚ್ಚಿ ಎಲೆ ಸೇರಿಸುತ್ತಾರೆ. ಅದನ್ನು ನೋಡಿ ನಾನೂ ಜಾಲಿಮುಳ್ಳು ತಂದೆ. ಬುಡ ದಪ್ಪ, ಎಲೆ ಸೀಳಿಹೋಗುತ್ತದೆ. ಅಲ್ಲಿನ ಥಂಡಿ, ತೇವ ನಮ್ಮ ಜನವರಿಯಲ್ಲಿ ಎಲ್ಲಿಂದ ಬರಬೇಕು? ಹಲಸಿನ ಮೇಣವನ್ನೂ ಹಚ್ಚಿ ನೋಡಿದೆ. ಧೂಳು ಹಿಡಿಯಿತು, ಇರುವೆ ಹತ್ತಿತು, ಕೈ ತೊಳೆಯಲು ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಖರ್ಚಾಯಿತು.

ದಾರಿ ತೋರಿಸಿದವರು ನಮ್ಮೂರಲ್ಲಿ ಮುತ್ತುಗದ ಊಟದೆಲೆ ಹಚ್ಚುವ ಅಕ್ಕ. "ಒಣಗಿಸದೆ ಯಾರಾದ್ರೂ ಎಲೆ ಹಚ್ತಾರೇನೋ ತಮ್ಮಾ?" ಅಂದರು. ಅವರು ಎಲೆ ಕೊಯ್ದು, ಒಣಗಿಸಿ, ಅಟ್ಟಿ ಕಟ್ಟಿ ಮೇಲೆ ಕಲ್ಲು ಹೇರಿ ಇಟ್ಟಿರುತ್ತಾರೆ. ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿ ಹಚ್ಚುತ್ತಾರೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಿ ಮುಗಿದಿರುವುದರಿಂದ ಕಡ್ಡಿ ಸಡಿಲಾಗುವುದಿಲ್ಲ. ಪರದೆಯ ಗುಟ್ಟೂ ಇದೇ.

ನಾನು ಕೊಯ್ಯುವುದನ್ನೂ ಬಿಟ್ಟೆ. ತಾನಾಗಿ ಉದುರಿದ್ದನ್ನೇ ಆರಿಸುತ್ತೇನೆ: ಬಾದಾಮಿ ಮರದ ಕೆಂಪು, ಹಲಸಿನ ಹಳದಿ, ಸಾಗುವಾನಿಯ ಕಂದು. ಉದುರಿದ ದಿನವೇ ಆರಿಸಬೇಕು, ತಡವಾದರೆ ಸುರುಟಿಕೊಂಡದ್ದು ಮತ್ತೆ ಚಪ್ಪಟೆಯಾಗುವುದಿಲ್ಲ. ನೆರಳಲ್ಲಿ ಚಪ್ಪಡಿ ಕಲ್ಲಿನಡಿ ಎಂಟು ಹತ್ತು ದಿನ. ಹಚ್ಚುವ ಹಿಂದಿನ ರಾತ್ರಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಚರ್ಮದಂತೆ ಬಾಗುತ್ತದೆ. ಕಡ್ಡಿಗೆ ಬಿದಿರಿನ ಸೀಳು, ತೆಳ್ಳಗಿರಲಿ. ಒಂದು ಪಕ್ಕನರದ ಈಚೆ ಇಳಿದು ಇನ್ನೊಂದರ ಆಚೆ ಏಳಬೇಕು, ಆಗ ನರವೇ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

ಅಡ್ಡಕ್ಕೆ ಗೇಣಿಗೊಂದರಂತೆ ತೆಂಗಿನ ನಾರಿನ ಹಗ್ಗ. ಎಲೆಯ ಮೇಲಂಚನ್ನು ಮಾತ್ರ ಹಗ್ಗಕ್ಕೆ ಹಚ್ಚಿ ಕೆಳಗಿನದನ್ನು ಬಿಟ್ಟುಬಿಡುತ್ತೇನೆ, ಮಾಡಿಗೆ ಹೆಂಚು ಹೊದಿಸಿದಂತೆ ಮೇಲಿನ ಸಾಲು ಕೆಳಗಿನದರ ಮೇಲೆ ಬರುತ್ತದೆ. ಗಾಳಿ ಬಂದರೆ ಪರದೆಯೆಲ್ಲ ಒಮ್ಮೆ ಎದ್ದು ಗಾಳಿಯನ್ನು ಆಚೆ ಬಿಟ್ಟು ಮತ್ತೆ ಕೂರುತ್ತದೆ. ನಾಲ್ಕೂ ಕಡೆ ಬಿಗಿದ ಎಲೆ ಹರಿಯುವುದು ಖಂಡಿತ. ರಾತ್ರಿಯ ಇಬ್ಬನಿಗೆ ಮೆತ್ತಗಾದದ್ದು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಗರಿಗರಿಯಾಗುತ್ತದೆ. ಮುರಿಯುವುದು ಆ ಹೊತ್ತಿಗೇ, ಹಾಗಾಗಿ ಹನ್ನೊಂದರ ಸುಮಾರಿಗೆ ಗಾಳಿ ಬರುವ ಕಡೆಯಿಂದ ಒಮ್ಮೆ ನೀರು ಚಿಮುಕಿಸುತ್ತಿದ್ದೆ.

ಬಾದಾಮಿ ಎಲೆಯ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ನನ್ನದು ಪರದೆ ನಿಂತ ಅಷ್ಟೂ ದಿನ ಉಳಿಯಿತು. ಕಲ್ಲಿನಡಿ ಇಡುವಾಗ ಎಲೆಗಳ ನಡುವೆ ಒಂದು ಅಡುಗೆಮನೆಯ ಪುಡಿ ಉದುರಿಸುತ್ತೇನೆ. ಯಾವುದು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ಎರಡು ಬೇಸಿಗೆ ಕಳೆದಿದ್ದೇನೆ.

ಈ ನಡುವೆ ಅಶ್ವತ್ಥದ ಎಲೆಯ ಹುಚ್ಚೂ ಹತ್ತಿತ್ತು. ಮೂರ್ನಾಲ್ಕು ವಾರ ನೀರಲ್ಲಿ ನೆನೆಸಿ, ಆಗಾಗ ನೀರು ಬದಲಿಸಿ, ಕೊಳೆತ ತಿರುಳನ್ನು ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ನರದ ಬಲೆ ಮಾತ್ರ ಉಳಿಯುತ್ತದೆ. ನಾತಕ್ಕೆ ಮನೆಯವರು ತೊಟ್ಟಿಯನ್ನು ಕೊಟ್ಟಿಗೆಯ ಹಿಂದಕ್ಕೆ ಸಾಗಿಸಿದರು. ಆದರೆ ಕಂದು ಎಲೆಗಳ ನಡುವೆ ಅಂಥ ಐವತ್ತು ಅರವತ್ತು ಸೇರಿಸಿದೆ ನೋಡಿ, ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಅವಷ್ಟೇ ಕಿಟಕಿಗಳಂತೆ ಬೆಳಗಿದವು. ಇಡೀ ಪರದೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಪರದೆಯ ಬುಡದಲ್ಲಿ ಹಸಿರು ಗೆರೆ ಬರಲಿ ಅಂತ ರಾಗಿ ಚೆಲ್ಲಿದ್ದೆ. ನಾಲ್ಕೈದು ದಿನಕ್ಕೆ ಮೊಳಕೆ ಚೆನ್ನಾಗಿಯೇ ಬಂತು, ಗುಬ್ಬಿಗಳೂ ಬಂದವು. ಮುಂದಿನ ಸಲ ಮುಳ್ಳುಕಂಟಿ ಮುಚ್ಚಿ ಮೊಳೆಸಬೇಕು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ನಾರಿನ ಹಗ್ಗ ಆರೇಳು ನೂರು. ಬಿದಿರು ತೋಟದ್ದೇ. ಅಕ್ಕನಿಗೂ ಅವರ ಸೊಸೆಗೂ ದಿನಕ್ಕೆ ತಲಾ ಐನೂರರಂತೆ ಒಂದು ವಾರದ ಕೂಲಿ. ಗಾಡಿ ಎರಡು ಸಾವಿರ. ಒಟ್ಟು ಹತ್ತು ಸಾವಿರಕ್ಕೆ ಚೂರು ಕಡಿಮೆ. ಎಲೆ ಪುಕ್ಕಟೆಯಾದರೂ ಆರಿಸುವ ಬೆನ್ನುನೋವು ಪುಕ್ಕಟೆಯಲ್ಲ, ಬೆಲೆ ಹೇಳುವಾಗ ಅದನ್ನೂ ಸೇರಿಸಿ. ಬಿಚ್ಚಿದ ಮೇಲೆ ಎಲೆ, ಕಡ್ಡಿ, ಹಗ್ಗ ಎಲ್ಲ ಅಡಿಕೆ ಮರದ ಬುಡಕ್ಕೆ ಹೋಯಿತು, ಕಸ ಸಾಗಿಸುವ ಖರ್ಚೇ ಇಲ್ಲ. ಒಂದೇ ಎಚ್ಚರ: ಒಣಗಿದ ಎಲೆ, ಹತ್ತಿರ ಬೀಡಿ ಸೇದುವವರನ್ನು ಬಿಡಬೇಡಿ, ಎರಡು ಕೊಡ ನೀರು ಪಕ್ಕದಲ್ಲೇ ಇರಲಿ.

ಈಗ ಇದೇ ಅಳತೆಗೆ ಮೂವತ್ತೈದು ಸಾವಿರ ಹೇಳುತ್ತೇನೆ. ಅರ್ಧ ದುಡ್ಡು ಕೈಗೆ ಬಂದ ಮೇಲೆಯೇ ಎಲೆ ಆರಿಸಲು ಬಗ್ಗುವುದು. ಮಾರ್ಚಿನೊಳಗಾದರೆ ಬನ್ನಿ, ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾದ ಮೇಲೆ ನಾನು ಈ ಕೆಲಸ ಒಪ್ಪುವುದಿಲ್ಲ.