ಹಳೆಯ ಸಚಿತ್ರ ನೀತಿಕಥೆಗಳು: ನಾನು ಮೊದಲು ಚಿತ್ರ ಎಣಿಸುತ್ತೇನೆ

ಈಸೋಪನದೋ, ಫ್ರೆಂಚ್ ನೀತಿಕಥೆಗಳ ಕವಿ ಲಾ ಫಾಂಟೇನನದೋ ಹಳೆಯ ಸಚಿತ್ರ ಪುಸ್ತಕ ಕೈಗೆ ಬಂದರೆ ನಾನು ಮೊದಲು ಚಿತ್ರ ಎಣಿಸುತ್ತೇನೆ. ಇಸವಿ, ಪ್ರಕಾಶಕರು, ರಟ್ಟಿನ ಚಿನ್ನದ ಅಚ್ಚು ಎಲ್ಲ ಆಮೇಲೆ. ಇಂಥ ಪುಸ್ತಕದ ಬೆಲೆ ನಿಂತಿರುವುದೇ ಚಿತ್ರಗಳ ಮೇಲೆ. ಅದಕ್ಕೇ ಅವನ್ನು ಬ್ಲೇಡಿನಿಂದ ಕೊಯ್ದು, ಚೌಕಟ್ಟು ಹಾಕಿಸಿ ಬಿಡಿಯಾಗಿ ಮಾರುವವರೂ ಇದ್ದಾರೆ.

ಎಷ್ಟು ಚಿತ್ರ ಇರಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಆರ್ಥರ್ ರ‍್ಯಾಕಮ್ ಚಿತ್ರಿಸಿದ 1912ರ ಈಸೋಪನಲ್ಲಿ ಬಣ್ಣದ ಚಿತ್ರಗಳು 13. ಫ್ರೆಂಚ್ ಚಿತ್ರಕಾರ ಊದ್ರಿ ಚಿತ್ರಿಸಿದ ಲಾ ಫಾಂಟೇನ್ (1755–59) ನಾಲ್ಕು ದೊಡ್ಡ ಸಂಪುಟಗಳಲ್ಲಿದೆ. ಮುಖಚಿತ್ರ ಬಿಟ್ಟು 275 ಚಿತ್ರ. ಎಣಿಕೆ ಸರಿಹೋದರೂ ಅಲ್ಲಿಗೆ ಬಿಡುವುದಿಲ್ಲ. ಪ್ರತಿ ಚಿತ್ರದ ಬುಡದಲ್ಲಿ, ಹೊಲಿಗೆಯ ಹತ್ತಿರ, ಕತ್ತರಿಸಿದ ಹಾಳೆಯ ಸಣ್ಣ ಅಂಚು ಉಳಿದಿದೆಯೇ ಎಂದು ನೋಡುತ್ತೇನೆ. ಎದುರು ಪುಟದಲ್ಲಿ ಶಾಯಿಯ ಮಸುಕು ನೆರಳಿದ್ದು ಅದಕ್ಕೆ ತಕ್ಕ ಚಿತ್ರ ಇಲ್ಲದಿದ್ದರೆ, ಹಾಳೆ ಹೋಗಿದೆ ಎಂದೇ ಅರ್ಥ. ಬಣ್ಣದ ಚಿತ್ರವನ್ನು ಒಂದು ಅಂಚಿಗಷ್ಟೇ ಅಂಟಿಸಿರುವ ಪುಸ್ತಕಗಳಲ್ಲಿ ಇನ್ನೂ ಎಚ್ಚರ ಬೇಕು. ಅಂಟು ಒಣಗಿ ಚಿತ್ರ ಉದುರಿದರೆ ಕೊಯ್ದ ಗುರುತೇ ಇರುವುದಿಲ್ಲ.

ಊದ್ರಿಯ ಮೂರನೆಯ ಸಂಪುಟದಲ್ಲಿ ಮಂಗ ಮತ್ತು ಚಿರತೆಯ ಕಥೆಯ ಚಿತ್ರವನ್ನು ನಿಧಾನವಾಗಿ ನೋಡಬೇಕು. ಅದರಲ್ಲಿ ತೂಗುಬಿಟ್ಟ ಫಲಕದ ಮೇಲೆ ಅಕ್ಷರವಿಲ್ಲದಿದ್ದರೆ ಅದು ಮೊದಲ ಹಂತದ ಅಚ್ಚು. ಚಿರತೆ ಎಂಬ ಫ್ರೆಂಚ್ ಹೆಸರು ಕೊರೆದಿದ್ದರೆ ನಂತರದ್ದು. ಇಷ್ಟು ಸಣ್ಣ ವಿಷಯಕ್ಕೆ ಬೆಲೆ ಎಷ್ಟೋ ಏರುತ್ತದೆ.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ. ತಾಮ್ರದ ಫಲಕದ ಚಿತ್ರವಾದರೆ ಗೆರೆಯ ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ, ಸುತ್ತ ಫಲಕ ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಅಂಚು ಕತ್ತರಿಸಿ ಮತ್ತೆ ಬೈಂಡ್ ಮಾಡಿದ್ದರೆ ಈ ತಗ್ಗು ಕಾಣದೆ ಹೋಗಬಹುದು. ಮರದ ಅಚ್ಚಿನಲ್ಲಿ ಇದಕ್ಕೆ ತದ್ವಿರುದ್ಧ: ಗೆರೆಯೇ ಕಾಗದದೊಳಗೆ ಒತ್ತಿಕೊಂಡಿರುತ್ತದೆ. ಸಾಲುಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಫೋಟೊದಿಂದ ತೆಗೆದ ಅಚ್ಚು. 1818ರ ಪುಸ್ತಕ ಎಂದು ಕೊಟ್ಟದ್ದರಲ್ಲಿ ಚುಕ್ಕೆ ಸಿಕ್ಕರೆ ಮಾತು ಮುಗಿಯಿತು, ಅದು ಮರುಮುದ್ರಣ.

1818 ಎಂದೆ, ಅದು ಇಂಗ್ಲೆಂಡಿನ ಮರದಚ್ಚು ಕೆತ್ತನೆಗಾರ ಥಾಮಸ್ ಬ್ಯೂಯಿಕ್ ಹೊರತಂದ ಈಸೋಪನ ವರ್ಷ. ನನಗೆ ಅತ್ಯಂತ ಪ್ರಿಯವಾದ ಪುಸ್ತಕ ಅದು. ಬಾಕ್ಸ್‌ವುಡ್ ಮರದ ಅಡ್ಡಕೊಯ್ತದ ಮೇಲೆ ಕೊರೆದ ಅಚ್ಚುಗಳು, ಅಂಗೈಗಿಂತ ಚಿಕ್ಕ ಚಿತ್ರದಲ್ಲಿ ಹಕ್ಕಿಯ ಗರಿ ಗರಿಯೂ ಬೇರೆ ಬೇರೆ. ಕೆಲವು ಪ್ರತಿಗಳಲ್ಲಿ ಒಂದು ರಸೀದಿ ಹಾಳೆ ಇರುತ್ತದೆ: ಬ್ಯೂಯಿಕ್‌ನ ಹೆಬ್ಬೆರಳ ಗುರುತು, ಅದರ ಜೊತೆಗೆ ಕೆಂಪು ಶಾಯಿಯಲ್ಲಿ ಕಡಲಪಾಚಿಯ ಚಿತ್ರ. ನಕಲಿ ಪ್ರತಿ ತಡೆಯಲು ಆತ ಕಂಡುಕೊಂಡ ಉಪಾಯ. ರಸೀದಿ ಇದ್ದರೆ ಅದನ್ನು ಬಿಡಿಸಿ ಬೇರೆ ಇಡಬಾರದು.

ಇಸವಿ ಹಾಕದ ಪುಸ್ತಕಗಳಲ್ಲಿ ಮುಂದಿನ ಖಾಲಿ ಹಾಳೆಯ ಉಡುಗೊರೆ ಬರಹ ನೆರವಾಗುತ್ತದೆ. ಆದರೆ ಪುಸ್ತಕ ಆ ದಿನಕ್ಕಿಂತ ಹಿಂದಿನದು ಎಂದಷ್ಟೇ ಅದರಿಂದ ಗೊತ್ತಾಗುವುದು. ಕೈಬಣ್ಣದ ಚಿತ್ರವಾದರೆ ಮಡಿಕೆಯನ್ನು ನೋಡುತ್ತೇನೆ. ಬಣ್ಣ ಮಡಿಕೆಯ ಬಿರುಕಿಗೆ ಇಳಿದು ಅಲ್ಲಿ ಗಾಢವಾಗಿದ್ದರೆ, ಕಾಗದ ಹಳತಾದ ಮೇಲೆ ಯಾರೋ ಬಳಿದದ್ದು.

ಇಡುವ ವಿಷಯ. ತೇವಾಂಶ ಶೇ. 45–50ರ ಆಸುಪಾಸು ಒಳ್ಳೆಯದು, ಶೇ. 65 ದಾಟಿದರೆ ಬೂಷ್ಟು ಬರುತ್ತದೆ. ದೊಡ್ಡ ಸಂಪುಟಗಳನ್ನು ಮಲಗಿಸಿ ಇಡಬೇಕು, ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಹೊಲಿಗೆ ಸಡಿಲವಾಗುತ್ತದೆ. ಹುಳು ಇದೆ ಅನಿಸಿದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚುವುದಿಲ್ಲ. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಹರಿದ ಹಾಳೆಗೆ ತೆಳುವಾದ ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟು. ಸೆಲೋಟೇಪ್ ಹಚ್ಚಿದರೆ ಹಳದಿ ಕಲೆ ಕಾಗದದ ಆಳಕ್ಕೆ ಇಳಿಯುತ್ತದೆ. ಕಂದು ಚುಕ್ಕೆಗಳನ್ನು ಬ್ಲೀಚ್ ಮಾಡಲು ನಾನು ಹೋಗುವುದಿಲ್ಲ, ಕಾಗದದ ಕಸುವೇ ಹೋಗುತ್ತದೆ. ಕೊನೆಗೆ ಚಿತ್ರಗಳ ಎಣಿಕೆ, ಕೊರತೆ, ರಿಪೇರಿ ಇಷ್ಟನ್ನೂ ಆಮ್ಲರಹಿತ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಹಿಂದಿನ ರಟ್ಟಿನ ಒಳಗೆ ಇಡುತ್ತೇನೆ.